ಬಳ್ಳಾರಿಯ ಸೆಕೆಯಲ್ಲಿ ಮನೆಯೊಳಗಿನ ಟ್ರೆಡ್‌ಮಿಲ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ನನ್ನದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕ. ಹನ್ನೆರಡು ಹೊಲಿಗೆ ಯಂತ್ರಗಳು, ಎರಡು ಓವರ್‌ಲಾಕ್, ಒಬ್ಬರು ಕಟಿಂಗ್ ಮಾಸ್ತರರು. ಇಪ್ಪತ್ತೇಳು ವರ್ಷ ಯಂತ್ರಗಳ ಸದ್ದಿನಲ್ಲೇ ಕುಳಿತು ಬಂದಿದ್ದೇನೆ. ಮೋಟಾರು ಬಿಸಿಯಾಗುತ್ತಿದೆಯೋ, ಬೆಲ್ಟು ಜಾರುತ್ತಿದೆಯೋ ಎಂಬುದು ನನಗೆ ಕಿವಿಯಲ್ಲೇ ಗೊತ್ತಾಗುತ್ತದೆ. ಕಳೆದ ವರ್ಷ ಮಾರ್ಚ್‌ನಲ್ಲಿ 42,000 ರೂಪಾಯಿ ಕೊಟ್ಟು ಟ್ರೆಡ್‌ಮಿಲ್ ಕೊಂಡಾಗ ಅದನ್ನು ವ್ಯಾಯಾಮದ ಸಾಧನವಾಗಿ ಎಷ್ಟು ನೋಡಿದೆನೋ ಒಂದು ಯಂತ್ರವಾಗಿಯೂ ಅಷ್ಟೇ ನೋಡಿದೆ. ಕಂಪನಿಯ ಹೆಸರಾಗಲಿ ಅಂಗಡಿಯ ಹೆಸರಾಗಲಿ ಬರೆಯುವುದಿಲ್ಲ. ನಾನು ಹೇಳಬೇಕಾದದ್ದು ಯಾವ ಕಂಪನಿಯ ಯಂತ್ರ ಕೊಂಡವರಿಗೂ ಸಲ್ಲುತ್ತದೆ.

ಕೊಳ್ಳಲು ಕಾರಣ ಸಕ್ಕರೆ ಕಾಯಿಲೆ. ನನಗೀಗ 54 ವರ್ಷ. ಆ ಫೆಬ್ರವರಿಯ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 8.2 ಶೇಕಡಾ ಬಂತು. ಡಾಕ್ಟರು ಮಾತ್ರೆ ಬದಲಿಸಿದರು, ಊಟದ ತಟ್ಟೆಯನ್ನು ತಿದ್ದಿದರು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಲೇಬೇಕು ಎಂದರು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯೂ ಅದೇ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ. ಮೊದಮೊದಲು ಜಿಲ್ಲಾ ಕ್ರೀಡಾಂಗಣಕ್ಕೆ ಹೋಗುತ್ತಿದ್ದೆ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಅಲ್ಲಿ ನಡೆಯುವ ಸುಖವನ್ನು ಯಾವ ಯಂತ್ರವೂ ಕೊಡಲಾರದು. ಆ ಎರಡು ತಿಂಗಳು ಈಗಲೂ ಅಲ್ಲಿಗೇ ಹೋಗುತ್ತೇನೆ. ಆದರೆ ಬಳ್ಳಾರಿಯಲ್ಲಿ ಮಾರ್ಚ್ ಕಾಲಿಟ್ಟಿತೆಂದರೆ ಬೆಳಿಗ್ಗೆ ಏಳಕ್ಕೇ ಬಿಸಿಲು ಚುರುಗುಟ್ಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ಇದು. ಹಬ್ಬದ ಮುಂಚೆ ಆರ್ಡರ್ ತುಂಬಿದರೆ ಘಟಕದ ಬಾಗಿಲು ಹಾಕುವಷ್ಟರಲ್ಲಿ ರಾತ್ರಿ ಹನ್ನೊಂದಾಗಿರುತ್ತದೆ, ನಸುಕಿನಲ್ಲಿ ಎದ್ದು ಹೊರಡಲು ಆಗುವುದಿಲ್ಲ. ಸಂಜೆ ನಡೆಯೋಣವೆಂದರೆ ನಮ್ಮ ರಸ್ತೆಯಲ್ಲಿ ಲಾರಿ, ಕೆಂಧೂಳು, ನಾಯಿಗಳ ಹಿಂಡು. ಮನೆಯೊಳಗೆ ನಡೆಯುವ ಯೋಚನೆ ಬಂದದ್ದು ಹೀಗೆ.

ಕೊಳ್ಳುವ ಮುಂಚೆ ಡಾಕ್ಟರು ಟಿಎಂಟಿ ಪರೀಕ್ಷೆ ಮಾಡಿಸಿದರು. ನಲವತ್ತೈದು ದಾಟಿದವರು, ಸಕ್ಕರೆ ಅಥವಾ ರಕ್ತದೊತ್ತಡ ಇರುವವರು, ವರ್ಷಗಟ್ಟಲೆ ಕುಳಿತೇ ಕೆಲಸ ಮಾಡಿದವರು ಯಂತ್ರ ಹತ್ತುವ ಮೊದಲು ಡಾಕ್ಟರನ್ನು ಕೇಳಲೇಬೇಕು ಎಂಬುದು ನನ್ನ ಗಟ್ಟಿಯಾದ ಮಾತು. ಟಿಎಂಟಿ ಎಂದರೆ ಎದೆಗೆ ಇಸಿಜಿ ತಂತಿಗಳನ್ನು ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸುವುದು. ಮೂರು ಮೂರು ನಿಮಿಷಕ್ಕೆ ವೇಗವೂ ಏರುತ್ತದೆ, ಇಳಿಜಾರೂ ಏರುತ್ತದೆ. ಮೊದಲ ಹಂತದಲ್ಲಿ ಗಂಟೆಗೆ 2.7 ಕಿಲೋಮೀಟರ್, 10 ಶೇಕಡಾ ಏರು. ಮೂರನೆಯ ಹಂತಕ್ಕೆ ಬರುವಷ್ಟರಲ್ಲಿ ಸುಮಾರು 5.5 ಕಿಲೋಮೀಟರ್, 14 ಶೇಕಡಾ ಏರು. ಅಮೆರಿಕದ ಸಿಯಾಟಲ್‌ನಲ್ಲಿ ರಾಬರ್ಟ್ ಬ್ರೂಸ್ ಎಂಬ ಹೃದಯ ವೈದ್ಯರು ರೂಪಿಸಿದ ಕ್ರಮ ಇದು, ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತದೆ. ನಾನು ಮೂರು ಹಂತ ಮುಗಿಸಿದೆ. ಹತ್ತು ಶೇಕಡಾ ಏರಿನಲ್ಲಿ ಅಷ್ಟು ನಿಧಾನ ನಡೆದರೂ ಹಿಂಗಾಲಿನ ಮೀನಖಂಡ ಹೇಗೆ ಸೆಟೆಯುತ್ತದೆ ಎಂಬುದು ಅಂದು ಅನುಭವಕ್ಕೆ ಬಂತು. ಬೆವರು ಹರಿಯಲು ಓಡಬೇಕಾಗಿಲ್ಲ ಎಂಬ ಪಾಠ ಮುಂದೆ ಬಹಳ ಉಪಯೋಗಕ್ಕೆ ಬಂತು.

ಅಂಗಡಿಯಲ್ಲಿ ನಡೆದದ್ದನ್ನು ಹೇಳಬೇಕು. ಯಂತ್ರದ ಮೇಲೆ ದೊಡ್ಡ ಅಕ್ಷರದಲ್ಲಿ ‘4 ಎಚ್‌ಪಿ’ ಎಂದು ಅಂಟಿಸಿದ್ದರು. ಕೈಪಿಡಿ ತರಿಸಿ ಓದಿದರೆ ಅದು ಪೀಕ್ ಎಚ್‌ಪಿ, ಅಂದರೆ ಕ್ಷಣಮಾತ್ರ ಎಳೆಯಬಲ್ಲ ಗರಿಷ್ಠ ಶಕ್ತಿ. ಬಿಡದೆ ಎಳೆಯುವ ಶಕ್ತಿ 2 ಎಚ್‌ಪಿ. ಹೊಲಿಗೆ ಯಂತ್ರಕ್ಕೆ ಮೋಟಾರು ಕೊಳ್ಳುವಾಗ ನಾವು ಕೇಳುವುದು ದಿನವಿಡೀ ಎಷ್ಟು ದುಡಿಯುತ್ತದೆ ಎಂದೇ. ಇಲ್ಲಿಯೂ ಕೇಳಬೇಕಾದದ್ದು ಅದೇ. ನಡಿಗೆಗೆ 2 ಎಚ್‌ಪಿ ಸಾಕು. ದಿನವೂ ಓಡುವವರು ಅಥವಾ ಮೈಭಾರ ತೊಂಬತ್ತು ಕಿಲೋ ದಾಟಿದವರು ಇನ್ನೂ ಗಟ್ಟಿಯಾದದ್ದನ್ನು ನೋಡಬೇಕು. ನಿಧಾನವಾಗಿ ನಡೆದರೆ ಮೋಟಾರಿಗೆ ಆರಾಮ ಎಂದು ಬಹಳ ಜನ ತಿಳಿದಿದ್ದಾರೆ. ಭಾರದ ಮನುಷ್ಯ ನಿಧಾನ ನಡೆಯುವಾಗ ಬೆಲ್ಟಿನ ಮೇಲೆ ಪಾದ ಹೆಚ್ಚು ಹೊತ್ತು ಒತ್ತಿರುತ್ತದೆ, ತಿಕ್ಕಾಟ ಹೆಚ್ಚುತ್ತದೆ. ಮೋಟಾರಿನ ಸ್ವಂತ ಫ್ಯಾನೂ ನಿಧಾನ ತಿರುಗುವುದರಿಂದ ಗಾಳಿ ಸಾಲದು. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಬೆಲ್ಟಿನ ಅಳತೆ ನನ್ನದರಲ್ಲಿ 48 ಅಂಗುಲ ಉದ್ದ, 17 ಅಂಗುಲ ಅಗಲ. ನಾನು ಐದು ಅಡಿ ಹತ್ತು ಅಂಗುಲ ಎತ್ತರ. ನಡೆಯಲು ಇದು ಸಾಕು, ಓಡಲು ಸಾಲದು. ಓಡಿದಾಗ ಹಿಂಗಾಲು ಬೆಲ್ಟಿನ ಕೊನೆಯ ಅಂಚಿಗೆ ಹೋಗಿ ಬೀಳುತ್ತದೆ. ಅದಕ್ಕೇ ನಾನು ಇದರ ಮೇಲೆ ಓಡುವುದಿಲ್ಲ. ಆ ಅಂಗಡಿಯವರ ಒಂದು ಒಳ್ಳೆಯ ಗುಣವನ್ನು ಮರೆಯಬಾರದು: ನನ್ನ ಸ್ವಂತ ಬೂಟು ಹಾಕಿಕೊಂಡು ಹದಿನೈದು ನಿಮಿಷ ನಡೆದು ನೋಡಲು ಬಿಟ್ಟರು. ಮೊದಲು ನೋಡಿದ ಅಗ್ಗದ ಯಂತ್ರದಲ್ಲಿ ಐದು ಕಿಲೋಮೀಟರ್ ವೇಗಕ್ಕೇ ಹಿಡಿಕೆಯ ಕಂಬಗಳು ನಡುಗುತ್ತಿದ್ದವು. ಅದನ್ನು ಅಲ್ಲೇ ಬಿಟ್ಟೆ.

ಮನೆಗೆ ತಂದ ಮೇಲೆ ಮೊದಲ ತಪ್ಪು ನನ್ನದೇ. ಮಹಡಿಯ ಮೇಲೆ ತಗಡಿನ ಶೀಟಿನ ಕೋಣೆ ಖಾಲಿ ಇತ್ತು, ಅಲ್ಲಿ ಇಟ್ಟೆ. ಏಪ್ರಿಲ್ ಎರಡನೆಯ ವಾರ, ಸಂಜೆ ಆರೂವರೆ. ಹದಿನೆಂಟನೆಯ ನಿಮಿಷಕ್ಕೆ ಪರದೆಯ ಮೇಲೆ ದೋಷದ ಸಂಕೇತ ಮೂಡಿ ಯಂತ್ರ ನಿಂತಿತು. ಮುಂದಿನ ಮುಚ್ಚಳದ ಮೇಲೆ ಕೈಯಿಟ್ಟರೆ ಇಸ್ತ್ರಿಪೆಟ್ಟಿಗೆಯ ಹಾಗೆ ಸುಡುತ್ತಿತ್ತು. ನನ್ನ ಸ್ಥಿತಿಯೂ ಅದಕ್ಕಿಂತ ಚೆನ್ನಾಗಿರಲಿಲ್ಲ, ತಲೆ ಸುತ್ತಿ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಹೊರಗೆ ನಡೆಯುವಾಗ ನಾವು ಮುಂದೆ ಸಾಗುವುದರಿಂದಲೇ ಮೈಗೆ ಗಾಳಿ ತಗಲುತ್ತದೆ, ಬೆವರು ಆರಿ ಮೈ ತಂಪಾಗುತ್ತದೆ. ಟ್ರೆಡ್‌ಮಿಲ್ ಮೇಲೆ ನಿಂತಲ್ಲೇ ನಡೆಯುತ್ತೇವೆ, ಬೆವರು ಮೈಮೇಲೇ ನಿಲ್ಲುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ. ಮರುದಿನ ಘಟಕದ ನಾಲ್ವರು ಹುಡುಗರು 52 ಕಿಲೋ ಯಂತ್ರವನ್ನು ಕೆಳಗಿಳಿಸಿದರು. ಈಗ ಅದು ನೆಲಮಹಡಿಯ ಆರ್‌ಸಿಸಿ ಕೋಣೆಯಲ್ಲಿದೆ; ಎದುರಿಗೆ ಮೈಗೆ ನೇರ ಬಡಿಯುವ ಹಾಗೆ ಒಂದು ಫ್ಯಾನು, ಪಕ್ಕದ ಸ್ಟೂಲಿನ ಮೇಲೆ ನೀರಿನ ಬಾಟಲಿ. ಮೇ ತಿಂಗಳಲ್ಲಿ ಬೆಳಿಗ್ಗೆ ಐದೂವರೆಗೆ ಮಾತ್ರ ನಡೆಯುತ್ತೇನೆ, ಅದೂ ವೇಗವನ್ನು ಅರ್ಧ ಕಿಲೋಮೀಟರ್ ಇಳಿಸಿ.

ಕರೆಂಟಿನ ವಿಷಯ. ಯಂತ್ರಕ್ಕೆ ಬೇರೆಯೇ ಲೈನು, ಅರ್ತಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್ ಬೇಕು. ಟಿವಿಗೆ ಎಳೆದ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಬೇಡಿ, ತಂತಿ ಕಾಯುತ್ತದೆ. ಓಲ್ಟೇಜ್ ಏರಿಳಿತವಿರುವ ಕಡೆ ಸ್ಟೆಬಿಲೈಜರ್ ಹಾಕಿಸುವುದು ಲೇಸು. ನಡೆಯುವಾಗಲೇ ಕರೆಂಟು ಹೋದರೆ ಬೆಲ್ಟು ಥಟ್ಟನೆ ನಿಲ್ಲುತ್ತದೆ, ದೇಹ ಮಾತ್ರ ಮುಂದಕ್ಕೆ ಹೋಗುತ್ತದೆ. ನನಗೆ ಎರಡು ಸಲ ಹಾಗಾಯಿತು. ಒಮ್ಮೆ ಕೈಯಲ್ಲಿ ಮೊಬೈಲ್ ಇತ್ತು, ಎದೆ ಹೋಗಿ ಪರದೆಗೆ ಬಡಿಯಿತು. ಅಂದಿನಿಂದ ಮೊಬೈಲನ್ನು ಆ ಕೋಣೆಗೇ ಒಯ್ಯುವುದಿಲ್ಲ. ಕರೆಂಟು ಹೋದ ತಕ್ಷಣ ಮೇನ್ ಸ್ವಿಚ್ ಆರಿಸಿ, ಬಂದು ಐದು ನಿಮಿಷ ಕಳೆದ ಮೇಲೆ ಹಾಕುತ್ತೇನೆ.

ಇನ್ನು ಎಣ್ಣೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಹೆಚ್ಚೇ ಕಾಳಜಿ. ಬೆಲ್ಟಿಗೂ ಅದರ ಕೆಳಗಿನ ಹಲಗೆಗೂ ನಡುವೆ ಸಿಲಿಕೋನ್ ಎಣ್ಣೆಯ ತೆಳುಪದರ ಇರಲೇಬೇಕು. ಅದು ಒಣಗಿದರೆ ತಿಕ್ಕಾಟ ಹೆಚ್ಚಿ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಬೆಲ್ಟು ಸವೆಯುತ್ತದೆ, ಕಾಲಿಟ್ಟಾಗ ಒಂದು ಕ್ಷಣ ಹಿಡಿದು ಬಿಟ್ಟ ಹಾಗಾಗುತ್ತದೆ. ಆ ಒಂದು ಕ್ಷಣದ ಹಿಡಿತವೇ ಮುಗ್ಗರಿಸುವಂತೆ ಮಾಡುವುದು. ನಮ್ಮ ಘಟಕದಲ್ಲಿ ಹೊಲಿಗೆ ಯಂತ್ರದ ಬಿಳಿ ಎಣ್ಣೆ ಡಬ್ಬಿಗಟ್ಟಲೆ ಇರುತ್ತದೆ. ಅದನ್ನೇ ಹಾಕೋಣ ಎಂದು ಕೈಗೆ ತೆಗೆದುಕೊಂಡಿದ್ದೆ. ಯಂತ್ರ ಜೋಡಿಸಲು ಬಂದಿದ್ದ ಹುಡುಗ ಕೈಹಿಡಿದು ತಡೆದ. ಖನಿಜ ಎಣ್ಣೆ ಬೆಲ್ಟಿನ ಹಿಂಬದಿಯನ್ನು ಹಾಳುಮಾಡುತ್ತದೆ, ಕೊಬ್ಬರಿ ಎಣ್ಣೆ ಅಂಟಾಗಿ ಧೂಳು ಹಿಡಿಯುತ್ತದೆ. ಶುದ್ಧ ಸಿಲಿಕೋನ್ ಎಣ್ಣೆ ಬಿಟ್ಟು ಬೇರೆ ಏನನ್ನೂ ಹಾಕಬಾರದು. ನೋಡುವ ರೀತಿ ಸುಲಭ: ಪ್ಲಗ್ ತೆಗೆದು, ಬೆಲ್ಟಿನ ಅಂಚನ್ನು ಎತ್ತಿ, ಅಂಗೈ ಒಳಗೆ ತೂರಿಸಿ ಹಲಗೆಯ ನಡುಭಾಗವನ್ನು ಸವರಬೇಕು. ಬೆರಳಿಗೆ ನುಣುಪು ಅಂಟಿದರೆ ಸರಿಯಾಗಿದೆ. ಸ್ಲೇಟು ಸವರಿದ ಹಾಗೆ ಒಣಗಿದ್ದರೆ ಎರಡೂ ಬದಿಯಿಂದ ಹದಿನೈದು ಹದಿನೈದು ಮಿಲಿಲೀಟರ್‌ನಷ್ಟು ಪಾದ ಬೀಳುವ ಜಾಗಕ್ಕೆ ಹಾಕಿ, ನಿಧಾನ ವೇಗದಲ್ಲಿ ಐದು ನಿಮಿಷ ಯಂತ್ರವನ್ನು ಖಾಲಿ ಓಡಿಸಬೇಕು. ನಾನು ಎರಡು ತಿಂಗಳಿಗೊಮ್ಮೆ ಹಾಕುತ್ತೇನೆ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದಕ್ಕೆ ನಿಮ್ಮ ಯಂತ್ರದ ಕೈಪಿಡಿಯೇ ಪ್ರಮಾಣ.

ಬೆಲ್ಟು ಒಂದು ಪಕ್ಕಕ್ಕೆ ಸರಿದರೆ ಹಿಂದಿನ ರೋಲರಿನ ಎರಡು ಬೋಲ್ಟುಗಳಲ್ಲಿ ತಿದ್ದಬಹುದು. ಎಡಕ್ಕೆ ಸರಿದಿದ್ದರೆ ಎಡದ ಬೋಲ್ಟನ್ನು ಅಲೆನ್ ಕೀಲಿಯಿಂದ ಕಾಲು ಸುತ್ತು ಮಾತ್ರ ಬಿಗಿ ಮಾಡಿ, ಒಂದೆರಡು ನಿಮಿಷ ಓಡಿಸಿ ನೋಡಿ, ಬೇಕಾದರೆ ಇನ್ನೊಂದು ಕಾಲು ಸುತ್ತು. ಒಮ್ಮೆಗೇ ಪೂರ್ತಿ ಸುತ್ತು ತಿರುಗಿಸುವ ಆತುರ ಬೇಡ, ಬಿಗಿ ಹೆಚ್ಚಾದರೆ ರೋಲರಿನ ಬೇರಿಂಗ್ ಹೋಗುತ್ತದೆ.

ನಾಲ್ಕು ತಿಂಗಳಾದ ಮೇಲೆ ಮುಂದಿನ ಮುಚ್ಚಳ ಬಿಚ್ಚಿದೆ. ಪ್ಲಗ್ ತೆಗೆದು ಹತ್ತು ನಿಮಿಷ ಕಾದೇ ಬಿಚ್ಚಬೇಕು, ಒಳಗಿನ ಬೋರ್ಡಿನಲ್ಲಿ ವಿದ್ಯುತ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಒಳಗೆ ಮೋಟಾರಿನ ಸೀಳುಗಳಲ್ಲೆಲ್ಲ ನೀಲಿ ನೂಲಿನ ಪುಡಿ ಪಾಚಿಯ ಹಾಗೆ ಕಟ್ಟಿಕೊಂಡಿತ್ತು. ನಮ್ಮ ಘಟಕದ ಡೆನಿಮ್ ಬಟ್ಟೆಯ ನವುರು ಗೋಡೆ ದಾಟಿ ಇಲ್ಲಿಗೆ ಬಂದಿತ್ತು. ಬ್ಲೋವರಿನಿಂದ ಊದಿ, ಮೆತ್ತನೆಯ ಬ್ರಷ್‌ನಿಂದ ಒರೆಸಿದ ಮೇಲೆ ಮೋಟಾರಿನ ಸದ್ದೇ ಬದಲಾಯಿತು. ಜೀನ್ಸ್ ಘಟಕ ಇಲ್ಲದ ಮನೆಯಲ್ಲೂ ಬಳ್ಳಾರಿಯ ಕೆಂಧೂಳು ಇದೇ ಕೆಲಸ ಮಾಡುತ್ತದೆ. ಮೂರು ತಿಂಗಳಿಗೊಮ್ಮೆ ಇದನ್ನು ಮಾಡಿಸಿ.

ಈಗ ನಡಿಗೆಯ ಮಾತು. ಮೊದಲ ವಾರ ದಿನಕ್ಕೆ ಹತ್ತೇ ನಿಮಿಷ, 3 ಕಿಲೋಮೀಟರ್ ವೇಗ. ಆ ವೇಗದಲ್ಲೂ ಇಳಿದಾಗ ನೆಲ ತೇಲಿದ ಹಾಗೆ ಅನ್ನಿಸುತ್ತಿತ್ತು. ಕಣ್ಣಿಗೆ ಕೋಣೆ ನಿಂತಿರುತ್ತದೆ, ಕಾಲಿಗೆ ನೆಲ ಓಡುತ್ತಿರುತ್ತದೆ, ಮೆದುಳಿಗೆ ಹೊಂದಿಕೊಳ್ಳಲು ದಿನ ಬೇಕು. ವಾರಕ್ಕೆ ಐದೈದು ನಿಮಿಷ ಏರಿಸುತ್ತ ಹೋದೆ. ಈಗಿನ ಕ್ರಮ ಹೀಗಿದೆ. ಮೊದಲ ಐದು ನಿಮಿಷ 3ರಿಂದ 4ಕ್ಕೆ. ಆಮೇಲೆ ಇಪ್ಪತ್ತೈದು ನಿಮಿಷ 5.2ರಲ್ಲಿ. ಕೊನೆಯ ಐದು ನಿಮಿಷ ಇಳಿಸುತ್ತ ಇಳಿಸುತ್ತ 2.5ಕ್ಕೆ. ಈ ಕೊನೆಯ ಐದು ನಿಮಿಷವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿರುಸಾಗಿ ನಡೆಯುವಾಗ ಕಾಲಿನ ಸ್ನಾಯುಗಳೇ ರಕ್ತವನ್ನು ಮೇಲಕ್ಕೆ ಒತ್ತುತ್ತಿರುತ್ತವೆ. ಥಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತುತ್ತದೆ. ಅಷ್ಟು ಹೊತ್ತು ಗೇದು ಕೊನೆಗೆ ಬಿದ್ದು ತಲೆ ಒಡೆದುಕೊಳ್ಳುವುದು ಇಲ್ಲೇ.

ಶ್ರಮ ಸರಿಯಾಗಿದೆಯೇ ಎಂದು ತಿಳಿಯಲು 220ರಿಂದ ವಯಸ್ಸು ಕಳೆಯುವ ಲೆಕ್ಕವಿದೆ. ನನಗೆ 166, ಮಧ್ಯಮ ಶ್ರಮಕ್ಕೆ ಅದರ 50ರಿಂದ 70 ಶೇಕಡಾ, ಅಂದರೆ ನಿಮಿಷಕ್ಕೆ 83ರಿಂದ 116 ಬಡಿತ. ಇದು ಸರಾಸರಿಯ ಅಂದಾಜು, ಎಲ್ಲರ ಮೈಗೂ ಒಂದೇ ಅಳತೆಯ ಅಂಗಿ ಹೊಲಿಯಲಾಗುವುದಿಲ್ಲ. ರಕ್ತದೊತ್ತಡದ ಕೆಲವು ಮಾತ್ರೆಗಳು ಹೃದಯದ ಬಡಿತವನ್ನೇ ತಗ್ಗಿಸುತ್ತವೆ, ಅಂಥವರಿಗೆ ಈ ಅಂಕಿ ದಾರಿ ತಪ್ಪಿಸುತ್ತದೆ. ನಾನು ನಂಬುವುದು ಮಾತಿನ ಪರೀಕ್ಷೆ: ಪಕ್ಕದಲ್ಲಿ ಕುಳಿತವರೊಡನೆ ಪೂರ್ತಿ ವಾಕ್ಯ ಮಾತನಾಡಲು ಬರಬೇಕು, ಪದ ಹಾಡಲು ಹೋದರೆ ಉಸಿರು ಸಾಲಬಾರದು. ಎದೆಯಲ್ಲಿ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು, ತಣ್ಣನೆಯ ಬೆವರು ಬಂದರೆ ಅಂದಿನ ನಡಿಗೆ ಅಲ್ಲಿಗೆ ಮುಗಿಯಿತು, ನೇರ ಆಸ್ಪತ್ರೆಗೆ.

ಹಿಡಿಕೆ ಹಿಡಿದು ನಡೆಯಬೇಡಿ ಎಂದು ನನ್ನ ಹೆಂಡತಿಗೆ ದಿನವೂ ಹೇಳುತ್ತಿದ್ದೆ. ಹಿಡಿಕೆಗೆ ಮೈಭಾರ ಹಾಕಿದರೆ ಕಾಲಿನ ಕೆಲಸವನ್ನು ಕೈ ಹೊತ್ತುಕೊಳ್ಳುತ್ತದೆ. ಇಳಿಜಾರು ಏರಿಸಿ, ಹಿಡಿಕೆ ಹಿಡಿದು ಹಿಂದಕ್ಕೆ ಜೋತರೆ ಏರಿಸಿದ್ದಕ್ಕೆ ಅರ್ಥವೇ ಇಲ್ಲ. ಹಿಡಿಯದೆ ನಡೆಯಲು ಆಗದಿದ್ದರೆ ವೇಗ ಹೆಚ್ಚಾಗಿದೆ ಎಂದು ಅರ್ಥ, ಇಳಿಸಿ. ಅವಳೀಗ 4.2ರಲ್ಲಿ ಕೈ ಬೀಸಿಕೊಂಡು ನಡೆಯುತ್ತಾಳೆ, ಮೊದಲು 5ರಲ್ಲಿ ಜೋತುಬಿದ್ದು ನಡೆದದ್ದಕ್ಕಿಂತ ಹೆಚ್ಚು ಬೆವರುತ್ತಾಳೆ. ನೋಟ ಎದುರಿಗಿರಲಿ, ಪಾದ ನೋಡಿಕೊಂಡು ನಡೆದರೆ ಕುತ್ತಿಗೆಯೂ ನೋಯುತ್ತದೆ, ಸಮತೋಲನವೂ ತಪ್ಪುತ್ತದೆ. ಬೆಲ್ಟಿನ ಮುಂದಿನ ಅರ್ಧದಲ್ಲೇ ಇರಬೇಕು, ಹಿಂದಕ್ಕೆ ತೇಲಬಾರದು. ಹತ್ತುವಾಗ ಎರಡೂ ಬದಿಯ ಪಟ್ಟಿಗಳ ಮೇಲೆ ಕಾಲಿಟ್ಟು ನಿಂತು, ಬೆಲ್ಟು ನಿಧಾನವಾಗಿ ಹೊರಟ ಮೇಲೆಯೇ ಹೆಜ್ಜೆ ಇಡಬೇಕು. ಹವಾಯಿ ಚಪ್ಪಲಿ, ಬರಿಗಾಲು, ಸೀರೆಯ ಸೆರಗು, ನೆಲ ಗುಡಿಸುವ ನೈಟಿ, ಜೋತುಬಿದ್ದ ದುಪಟ್ಟಾ ಯಾವುದೂ ಕೂಡದು.

ಪರದೆ ತೋರಿಸುವ ಕ್ಯಾಲೊರಿ ಲೆಕ್ಕವನ್ನು ನಂಬಿ ಒಂದು ಪ್ಲೇಟ್ ಒಗ್ಗರಣೆ, ಮಿರ್ಚಿ ತಿನ್ನಬೇಡಿ. ನನ್ನ ಯಂತ್ರ ನನ್ನ ತೂಕವನ್ನೂ ಕೇಳುವುದಿಲ್ಲ, ವಯಸ್ಸನ್ನೂ ಕೇಳುವುದಿಲ್ಲ; ಅದು ಹೇಳುವ ಅಂಕಿ ನನ್ನದಾಗಲು ಹೇಗೆ ಸಾಧ್ಯ? ಊಟವಾಗಿ ಅರ್ಧ ಗಂಟೆಯ ಮೇಲೆ ಹದಿನೈದು ನಿಮಿಷ ನಿಧಾನ ನಡೆದರೆ ಸಕ್ಕರೆ ಏರುವುದು ತಗ್ಗುತ್ತದೆ ಎಂಬುದನ್ನು ಮನೆಯ ಮೀಟರಿನಲ್ಲೇ ಮತ್ತೆ ಮತ್ತೆ ನೋಡಿದ್ದೇನೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಹಸಿದ ಹೊಟ್ಟೆಯಲ್ಲಿ ಯಂತ್ರ ಹತ್ತಬಾರದು, ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಕೈಗೆ ಸಿಗುವ ಹಾಗೆ ಒಂದು ಬೆಲ್ಲದ ಚೂರೋ ಗ್ಲೂಕೋಸೋ ಇಟ್ಟುಕೊಳ್ಳಿ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಪ್ರತಿದಿನ ಬೂಟು ಬಿಚ್ಚಿದ ಮೇಲೆ ಬೊಕ್ಕೆ ಎದ್ದಿದೆಯೇ ಎಂದು ನೋಡಿಕೊಳ್ಳಬೇಕು.

ಆರು ತಿಂಗಳಿಗೆ ನನ್ನ ಸಕ್ಕರೆಯ ಮೂರು ತಿಂಗಳ ಸರಾಸರಿ 7.1ಕ್ಕೆ ಇಳಿಯಿತು, ಈ ಏಪ್ರಿಲ್‌ನಲ್ಲಿ 6.9. ಮಾತ್ರೆಯ ಪಾಲೂ ಇದೆ, ಜೋಳದ ರೊಟ್ಟಿಯನ್ನೂ ಎರಡಕ್ಕೆ ನಿಲ್ಲಿಸಿದ್ದರ ಪಾಲೂ ಇದೆ, ಎಲ್ಲವನ್ನೂ ಯಂತ್ರದ ಖಾತೆಗೆ ಬರೆಯಲಾರೆ. ತೂಕ ಇಳಿದದ್ದು ನಾಲ್ಕೇ ಕಿಲೋ. ಆದರೆ ಸಂಜೆ ಹೊತ್ತಿಗೆ ಕಾಲು ಭಾರವಾಗುತ್ತಿದ್ದದ್ದು ನಿಂತಿದೆ. ತೋಳು, ಬೆನ್ನಿನ ಬಲಕ್ಕೆ ಟ್ರೆಡ್‌ಮಿಲ್ ಏನೂ ಮಾಡುವುದಿಲ್ಲ, ಅದಕ್ಕೆ ವಾರಕ್ಕೆರಡು ದಿನ ಬೇರೆ ವ್ಯಾಯಾಮ ಬೇಕೇ ಬೇಕು. ನಾನು ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವುದು ಮಾಡುತ್ತೇನೆ. ನಮ್ಮ ಅವ್ವನಿಗೆ 76 ವರ್ಷ. ‘ನನಗೂ ಹತ್ತಿಸಪ್ಪಾ’ ಎಂದು ಕೇಳಿದಳು. ನಡೆಯುವಾಗ ಒಂದು ಪಕ್ಕಕ್ಕೆ ವಾಲುತ್ತಾಳೆ, ಹತ್ತಿಸಲಿಲ್ಲ. ಅವಳ ಕೈಹಿಡಿದು ಪಡಸಾಲೆಯಲ್ಲೇ ಇಪ್ಪತ್ತು ಸುತ್ತು ಹಾಕಿಸುತ್ತೇವೆ.

ಸೇವೆಯ ಬಗ್ಗೆ ನನಗೆ ಸಮಾಧಾನವಿಲ್ಲ. ಒಂಬತ್ತನೆಯ ತಿಂಗಳು ವೇಗ ತಾನಾಗಿ ಏರಿಳಿಯತೊಡಗಿತು. ದೂರು ಕೊಟ್ಟ ಹನ್ನೊಂದನೆಯ ದಿನಕ್ಕೆ ಬೇರೆ ಊರಿನಿಂದ ಮೆಕ್ಯಾನಿಕ್ ಬಂದ. ರೋಲರಿನ ಬಳಿಯ ವೇಗ ಅಳೆಯುವ ಸೆನ್ಸರ್ ಸರಿದಿತ್ತು, ಹತ್ತು ನಿಮಿಷದ ಕೆಲಸ. ತಾನಾಗಿ ವೇಗ ಏರುವ ಯಂತ್ರವನ್ನು ‘ಅಲ್ಲಿಯವರೆಗೆ ನೋಡಿಕೊಂಡು ಬಳಸಿ ಸರ್’ ಎಂದು ಫೋನಿನಲ್ಲಿ ಹೇಳಿದ್ದು ನನಗೆ ಸಿಟ್ಟು ತರಿಸಿತು. ಅಂಥ ಯಂತ್ರದ ಮೇಲೆ ಯಾರೂ ಒಂದು ಹೆಜ್ಜೆಯನ್ನೂ ಇಡಬಾರದು. ಮೋಟಾರಿಗೆ ಮೂರು ವರ್ಷ ಗ್ಯಾರಂಟಿ ಎಂದವರು ಬೆಲ್ಟಿಗೆ, ಬೋರ್ಡಿಗೆ ಎಷ್ಟು ಎಂದು ಬಿಲ್ಲಿನ ಮೇಲೆ ಬರೆದುಕೊಡಲಿ, ಊರಿನಲ್ಲೇ ಮೆಕ್ಯಾನಿಕ್ ಇದ್ದಾನೆಯೇ ಎಂದು ಹಣ ಎಣಿಸುವ ಮೊದಲೇ ಕೇಳಿ.

ಕೊನೆಯದಾಗಿ ಕೆಂಪು ದಾರದ ಕೀಲಿ. ಸಾಮಾನ್ಯವಾಗಿ ಟ್ರೆಡ್‌ಮಿಲ್ಲಿಗೆ ಒಂದು ಸೇಫ್ಟಿ ಕೀ ಇರುತ್ತದೆ. ದಾರದ ತುದಿಯ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಳ್ಳಬೇಕು. ನಡೆಯುವವನು ಹಿಂದೆ ಜಾರಿದರೆ ಕೀಲಿ ಕಿತ್ತು ಬಂದು ಮೋಟಾರಿಗೆ ಕರೆಂಟು ನಿಲ್ಲುತ್ತದೆ. ಕೆಂಪು ಸ್ಟಾಪ್ ಗುಂಡಿ ಅದೇ ಕೆಲಸ ಮಾಡುತ್ತದೆ ಎಂದು ನಾನೂ ತಿಳಿದಿದ್ದೆ. ಗುಂಡಿ ಒತ್ತಿದರೆ ನನ್ನ ಯಂತ್ರ ವೇಗವನ್ನು ಹಂತ ಹಂತವಾಗಿ ಇಳಿಸಿ ನಿಲ್ಲುತ್ತದೆ, ಅದಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ.

ಕಳೆದ ದಸರೆಗೆ ಮಗಳು ಬಂದಿದ್ದಳು, ಮೂರು ವರ್ಷದ ಮೊಮ್ಮಗನನ್ನು ಕರೆದುಕೊಂಡು. ಹೋಳಿಗೆ ಊಟವಾಗಿತ್ತು. ಸಕ್ಕರೆ ಏರಬಾರದೆಂದು ಹದಿನೈದು ನಿಮಿಷ ನಡೆಯಲು ಯಂತ್ರ ಹತ್ತಿದೆ. ಮೈಮೇಲೆ ಬನಿಯನ್ ಮಾತ್ರ ಇತ್ತು, ಕ್ಲಿಪ್ಪನ್ನು ಹಿಡಿಕೆಗೇ ಸಿಕ್ಕಿಸಿದ್ದೆ. ಯಂತ್ರದ ಮುಖ ಗೋಡೆಗೆ, ಬಾಲ ಬಾಗಿಲಿಗೆ. ಮಗು ಬೆನ್ನ ಹಿಂದೆ ಬಂದು ತನ್ನ ಆಟಿಕೆಯ ಆಟೊವನ್ನು ಬೆಲ್ಟಿನ ಮೇಲಿಟ್ಟಿದೆ, ಅದು ಹಿಂದಕ್ಕೆ ಹಾರಿದೆ, ಮಗುವಿಗೆ ಖುಷಿಯಾಗಿದೆ. ನನಗೆ ಮೋಟಾರಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಎರಡನೆಯ ಸಲ ಆಟೊ ರೋಲರಿನ ಸಂದಿಗೆ ಸಿಕ್ಕಿತು, ಅದನ್ನು ಎಳೆಯಲು ಹೋದ ಬಲಗೈ ಓಡುವ ಬೆಲ್ಟಿಗೆ ಒತ್ತಿತು. ಚೀರಾಟ ಕೇಳಿ ಸ್ಟಾಪ್ ಗುಂಡಿ ಒತ್ತಿದೆ. ಬೆಲ್ಟು ಇನ್ನೂ ಓಡುತ್ತಲೇ ಇತ್ತು. ಬದಿಯ ಪಟ್ಟಿಗೆ ಹಾರಿ ಕೀಲಿ ಕಿತ್ತ ಮೇಲೆ ನಿಂತಿತು.

ಮೂರು ಬೆರಳ ತುದಿಯ ಚರ್ಮ ಬೆಳ್ಳಗೆ ಸುಲಿದಿತ್ತು, ರಕ್ತವೂ ಬಂದಿರಲಿಲ್ಲ. ಯಾರೋ ಟೂತ್‌ಪೇಸ್ಟ್ ತಂದರು, ಯಾರೋ ಅರಿಶಿನ ಎಂದರು. ಮಗಳು ಯಾರ ಮಾತನ್ನೂ ಕೇಳದೆ ಇಪ್ಪತ್ತು ನಿಮಿಷ ನಲ್ಲಿಯ ನೀರಿನ ಕೆಳಗೆ ಕೈ ಹಿಡಿದು, ಒಗೆದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಎತ್ತಿಕೊಂಡು ನಡೆದಳು. ಅವಳು ಮಾಡಿದ್ದೇ ಸರಿ ಎಂದರು ಡಾಕ್ಟರು. ತಿಕ್ಕಾಟದಿಂದ ಆಗುವ ಸುಟ್ಟಗಾಯ ನೋಡಲು ಚಿಕ್ಕದು, ಒಳಗೆ ಆಳ, ಮಕ್ಕಳ ಬೆರಳು ಮಡಚಿಕೊಂಡೇ ಉಳಿಯುವುದೂ ಉಂಟು ಎಂದರು. ಇಪ್ಪತ್ತೆರಡು ದಿನ ಪಟ್ಟಿ ಬದಲಿಸಿದೆವು. ದೇವರ ದಯೆ, ಬೆರಳು ಚೆನ್ನಾಗಿ ಆಡುತ್ತವೆ. ನಡುಬೆರಳಿನ ತುದಿಯಲ್ಲಿ ಮಿರುಗುವ ಒಂದು ಕಲೆ ಉಳಿದಿದೆ. 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪೆಲೊಟಾನ್ ಕಂಪನಿ ತನ್ನ ಟ್ರೆಡ್ ಪ್ಲಸ್ ಯಂತ್ರಗಳನ್ನು, ಸುಮಾರು 1,25,000ವನ್ನು, ಹಿಂದಕ್ಕೆ ಕರೆಸಿಕೊಂಡಿತ್ತು. ಹಿಂಬದಿಯಿಂದ ಯಂತ್ರದ ಅಡಿಗೆ ಸಿಕ್ಕಿ ಆರು ವರ್ಷದ ಮಗು ತೀರಿಕೊಂಡಿತ್ತು. ನಾನು ಇದನ್ನು ಓದಿದ್ದು ಆ ರಾತ್ರಿ ಆಸ್ಪತ್ರೆಯಿಂದ ಬಂದ ಮೇಲೆ. ಘಟಕದಲ್ಲಿ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಳ್ಳದ ಹುಡುಗಿಯನ್ನು ನಾನು ಯಂತ್ರದ ಮುಂದೆ ಕೂರಲು ಬಿಡುವುದಿಲ್ಲ. ಮನೆಯಲ್ಲಿ ಆ ಎಚ್ಚರ ಎಲ್ಲಿ ಹೋಗಿತ್ತು ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಮರುದಿನವೇ ಯಂತ್ರವನ್ನು ತಿರುಗಿಸಿದೆ. ಈಗ ನಡೆಯುವಾಗ ಬಾಗಿಲು ನನ್ನ ಕಣ್ಣೆದುರು ಇರುತ್ತದೆ. ಹಿಂಬದಿಗೂ ಗೋಡೆಗೂ ನಡುವೆ ಆರು ಅಡಿ ಬಿಟ್ಟಿದ್ದೇನೆ, ಎರಡೂ ಬದಿಗೆ ಎರಡೆರಡು ಅಡಿ. ಗೋಡೆಗೆ ಹತ್ತಿಸಿ ಇಟ್ಟರೆ ಜಾರಿ ಬಿದ್ದವನು ಗೋಡೆಗೂ ಓಡುವ ಬೆಲ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತಾನೆ. ಕೆಂಪು ದಾರ ಉದ್ದವಾಗಿತ್ತು, ಬೆಲ್ಟಿನ ಹಿಂತುದಿಗೆ ಹೋದರೂ ಕೀಲಿ ಕಳಚುತ್ತಿರಲಿಲ್ಲ. ನಡುವೆ ಗಂಟು ಹಾಕಿ ಗಿಡ್ಡ ಮಾಡಿದೆ. ಪ್ರತಿ ಸೋಮವಾರ ನಿಧಾನ ವೇಗದಲ್ಲಿ ಬದಿಯ ಪಟ್ಟಿಯ ಮೇಲೆ ನಿಂತು ಕೀಲಿ ಎಳೆದು ಬೆಲ್ಟು ನಿಲ್ಲುತ್ತದೆಯೇ ಎಂದು ನೋಡುತ್ತೇನೆ. ನಡಿಗೆ ಮುಗಿದ ಮೇಲೆ ಪ್ಲಗ್ ತೆಗೆದು, ಕೀಲಿಯನ್ನು ದೇವರ ಕೋಣೆಯ ಮೊಳೆಗೆ ತೂಗುಹಾಕುತ್ತೇನೆ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ.

ಮುಂದಿನ ವಾರ ಮಗಳು ಬೇಸಿಗೆಗೆಂದು ಬರುತ್ತಾಳೆ. ಮೊಮ್ಮಗ ಈಗ ಸ್ಟೂಲು ಎಳೆದುಕೊಂಡು ಹತ್ತುತ್ತಾನಂತೆ, ಫೋನಿನಲ್ಲಿ ಹೇಳಿದಳು. ನಿನ್ನೆ ಬಡಿಗನನ್ನು ಕರೆಸಿ ಆ ಕೋಣೆಯ ಬಾಗಿಲಿನ ನೆತ್ತಿಯಲ್ಲಿ ಇನ್ನೊಂದು ಚಿಲಕ ಹಾಕಿಸಿದೆ.